ಹೆಸರು ಹೇಳಬಾರದ ಗಿಡ

ಅತ್ತೆಗೆ,

ನಿಮ್ಮ ಸೊಸೆ ಗಿರಿಜ ಬರೆಯುತ್ತಿದ್ದೇನೆ. ನೀವು ಹೋಗಿ ಮೂರು ವರ್ಷವಾಯಿತು. ನಾನು ಡೈರಿ ಬರೆಯಲು ಕೂತಾಗಲೆಲ್ಲ, "ಏನಮ್ಮಿ ದಿನಾ ಬರ್ಕಂತೀಯ, ನನ್ ಮೇಲೆ ಕಂಪ್ಲೇಂಟಾ?" ಎಂದು ಕೇಳುತ್ತಿದ್ದಿರಿ. ಹೌದು ಅತ್ತೆ, ಸುಮಾರು ಪುಟಗಳಲ್ಲಿ ಇರುವುದು ಅದೇ. ಎಸ್ಸೆಸ್ಸೆಲ್ಸಿ ಓದಿದ ಸೊಸೆ ಬಂದಳೆಂದು ಚೇಳೂರಿಗೆಲ್ಲ ಹೇಳಿಕೊಂಡು ಬಂದವರು ನೀವು. ಆ ಸೊಸೆಯ ಕೈಯಲ್ಲಿ ಪೆನ್ನು ಕಂಡರೆ ಮುಖ ಗಂಟು ಹಾಕುತ್ತಿದ್ದವರೂ ನೀವೇ. ಇವತ್ತು ಮೊದಲು ಒಂದು ಹೆಸರು ಬರೆಯುತ್ತೇನೆ. ಪುರುಷರತ್ನ. ಬರೆದೆ, ನೋಡಿ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಬಾರದಿದ್ದ ಹೆಸರು. ನಿಮ್ಮ ಮದ್ದಿನ ಆ ಗಿಡ ನಮ್ಮ ಪಾಲಿಗೆ ಉಳಿಯುತ್ತದೋ ಇಲ್ಲವೋ ಎನ್ನುವುದು ಒಂದು ಬೆಂಕಿಪೊಟ್ಟಣದಷ್ಟು ಬೀಜಕ್ಕೆ ಬಂದು ನಿಂತಿತ್ತು. ಅದು ಅಲ್ಲಿಯವರೆಗೆ ಹೇಗೆ ಬಂತು, ಅದರಲ್ಲಿ ನಿಮ್ಮ ತಪ್ಪೆಷ್ಟು, ನನ್ನದೆಷ್ಟು... ಅದನ್ನು ಹೇಳಲೆಂದೇ ಈ ಕಾಗದ.

ಮದುವೆಯಾಗಿ ಬಂದ ಮೊದಲ ಮಳೆಗಾಲ ಕಣ್ಣ ಮುಂದಿದೆ. ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಯಾರಾದರೂ ಕೂತೇ ಇರುತ್ತಿದ್ದರು. ಹೆರಿಗೆಯ ಸುಸ್ತು ಹೋಗದ ಹೆಂಗಸರು, ಉರಿಮೂತ್ರದಲ್ಲಿ ಒದ್ದಾಡುವವರು, ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದ ಗಂಡಸರು. ಈ ಗಂಡಸರು ಮಾತ್ರ ಜಗಲಿ ಹತ್ತುತ್ತಿರಲಿಲ್ಲ. ಹುಣಸೆಮರದ ಹತ್ತಿರ ನಿಂತು ಕೆಮ್ಮುತ್ತಿದ್ದರು. ನೀವು ಒಳಗಿನಿಂದಲೇ ಕೂಗುತ್ತಿದ್ದಿರಿ, "ಯಾಕ್ಲಾ ಅಲ್ಲೇ ನಿಂತ್ಕಂಡೆ? ಮದ್ದು ನಿಂಗೋ, ಹುಣ್ಸೆ ಮರಕ್ಕೋ?" ಜಗಲಿಯ ಮೇಲಿದ್ದ ಹೆಂಗಸರು ನೋವಿನಲ್ಲೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ನೀವು ಒಳ್ಳೆಯ ಮಾತುಗಾರರು ಅತ್ತೆ, ಅದನ್ನು ಇಲ್ಲವೆನ್ನುವುದಿಲ್ಲ. ಮಾತೇ ಆಡದೆ ಮಾಡುತ್ತಿದ್ದ ಕೆಲಸ ಒಂದೇ, ಸೊಪ್ಪು ತರುವುದು. ಬೆಳಕು ಹರಿಯುವಾಗ ತಲೆಗೆ ನೀರು ಹಾಕಿಕೊಂಡು, ವಿಭೂತಿ ಇಟ್ಟುಕೊಂಡು, ಯಾರ ಜೊತೆಯೂ ಮಾತಾಡದೆ ಗೋಮಾಳದ ಕಡೆ ಹೋಗಿ ಮಡಿಲು ಕಟ್ಟಿಕೊಂಡು ಬರುತ್ತಿದ್ದಿರಿ. ಎಲೆಯನ್ನು ಚೂರು ಮಾಡಿ, ಗುರುತು ಸಿಗದಿರಲೆಂದು ತುಂಬೆ, ಗರಿಕೆ ಬೆರೆಸಿ, ಆಮೇಲೆ ನನ್ನನ್ನು ಕರೆಯುತ್ತಿದ್ದಿರಿ. ಕುಟ್ಟುವುದು ನನ್ನ ಕೆಲಸ. ಏನನ್ನು ಕುಟ್ಟುತ್ತಿದ್ದೇನೆ ಎನ್ನುವುದು ನನಗೆ ಬೇಡದ ವಿಷಯ.

ಒಮ್ಮೆ ಕೇಳಿದ್ದೆ. ಒರಳ ಮುಂದೆ ಕೂತು, ಬೆವರು ಒರೆಸಿಕೊಳ್ಳುತ್ತ, "ಇದು ಯಾವ ಸೊಪ್ಪು ಅತ್ತೆ?" ಎಂದೆ. ಆಗ ನಿಮ್ಮ ಮಗಳು ಪುಟ್ಟಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವಳೂ ಅಲ್ಲೇ ಇದ್ದಳು, "ಹೂಂ ಕಣವ್ವ, ನಮ್ಗೂ ತೋರ್ಸು, ನಾವೇನು ಊರೆಲ್ಲ ಸಾರ್ತೀವಾ?" ಎಂದು ಸೇರಿಕೊಂಡಳು. ನೀವು ಅವಳಿಗೆ ಹೇಳಿದಿರಿ, "ನೀನು ಬ್ಯಾರೆ ಮನೆಗೆ ಹೋಗೋಳು." ನನ್ನ ಕಡೆ ತಿರುಗಿ ಹೇಳಿದಿರಿ, "ನೀನು ಬ್ಯಾರೆ ಮನೆಯಿಂದ ಬಂದೋಳು. ಹೆಸ್ರು ಹೇಳಿದ್ರೆ ಮದ್ದಿನ ಗುಣ ಹೋಯ್ತದೆ, ಕುಟ್ಟು." ಹೋಗುವವಳಿಗೂ ಇಲ್ಲ, ಬಂದವಳಿಗೂ ಇಲ್ಲ. ಹಾಗಾದರೆ ಆ ಮನೆಯಲ್ಲಿ ಇದ್ದ ಹೆಂಗಸು ಯಾರು ಅತ್ತೆ, ನೀವೊಬ್ಬರೇನಾ? ನಿಮ್ಮನ್ನೂ ಬೇರೆ ಮನೆಯಿಂದಲೇ ತಂದಿದ್ದಲ್ಲವಾ?

ಎರಡನೆಯ ವರ್ಷ, ಒಂದು ಮಧ್ಯಾಹ್ನ. ನೀವು ಗುಬ್ಬಿಗೆ ಹೋಗಿದ್ದಿರಿ, ಮೊರದಲ್ಲಿ ಒಂದಿಷ್ಟು ಗಿಡ ಬಟ್ಟೆ ಮುಚ್ಚಿ ಬಿಸಿಲಿಗಿಟ್ಟಿದ್ದಿರಿ. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಬಟ್ಟೆಯ ಕೆಳಗೆ ಚಿಟಿಚಿಟಿ ಸದ್ದಾಯಿತು. ಎತ್ತಿ ನೋಡಿದರೆ ಸಣ್ಣ ಕಾಯಿಗಳು ಬಿಸಿಲಿಗೆ ಮೂರು ಸೀಳಾಗಿ ಒಡೆದು ಬೀಜ ಸಿಡಿಸುತ್ತಿದ್ದವು. ರಾಗಿಕಾಳಿನಷ್ಟು ಬೀಜ, ತಿಳಿ ಹಳದಿ, ಮೈಮೇಲೆ ಉದ್ದಕ್ಕೆ ಗೆರೆ. ನನ್ನ ಕೆನ್ನೆಗೂ ಒಂದು ಬಿತ್ತು. ಅದಾದ ಒಂದು ವಾರಕ್ಕೆ ಗೋಮಾಳದಲ್ಲಿ ಹುಲ್ಲು ಕೊಯ್ಯುವಾಗ ಸೀರೆಯ ಅಂಚು ತಾಗಿ ಅದೇ ಸದ್ದು, ಅದೇ ಬೀಜ. ಬಗ್ಗಿ ನೋಡಿದೆ. ಅಂದಿನಿಂದ ನನಗೆ ಗೊತ್ತು ಅತ್ತೆ. ಅದನ್ನು ಕಿತ್ತು ಮೂಸಿದ್ದೇನೆ, ಅಗಿದಿದ್ದೇನೆ, ಯಾವ ತಿಂಗಳು ಹೂವು, ಯಾವ ತಿಂಗಳು ಕಾಯಿ ಎಂದು ಡೈರಿಯಲ್ಲಿ ಬರೆದಿದ್ದೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೀವು ನನ್ನಿಂದ ಮುಚ್ಚಿಟ್ಟಿರಿ, ನನಗೆ ಗೊತ್ತಿದೆ ಎನ್ನುವುದನ್ನು ನಾನು ನಿಮ್ಮಿಂದ ಮುಚ್ಚಿಟ್ಟೆ. ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಎಷ್ಟು ಚೆನ್ನಾಗಿ ಸುಮ್ಮನಿದ್ದೆವು.

ಮೊದಲ ಸಲ ಅದರ ಹೂವನ್ನು ಬಿಡುವಾಗಿ ನೋಡಿದ ದಿನ ಮುನಿಸೇ ಬಂದಿತ್ತು, ಇಷ್ಟಕ್ಕಾ ಇಷ್ಟೆಲ್ಲ ಎಂದು. ಮೊಣಕಾಲಿಗೂ ಬಾರದ ಗಿಡ. ಎಲೆ ಸಣ್ಣದು, ಈಟಿಯ ಮೊನೆಯಂತೆ ಉದ್ದ. ಹೂವಿಗೆ ಕಣ್ಣಿಗೆ ಕಾಣುವ ಎಸಳು ಒಂದೇ, ತಿಳಿ ನೇರಳೆ, ನಾಲಿಗೆ ಚಾಚಿದ ಹಾಗೆ. ಉಳಿದ ಎಸಳು ಇವೆಯೋ ಇಲ್ಲವೋ ಎನ್ನುವಷ್ಟು ಚಿಕ್ಕವು. ಬೆಳೆಯುವುದು ಸಣ್ಣ ಕಲ್ಲಿನ ಗೊರಚು ಮಣ್ಣಿನಲ್ಲಿ, ಬದುವಿನ ಮೇಲೆ, ದನ ಓಡಾಡುವ ಕಡೆ. ನೆರಳು ಬೇಡ, ಗೊಬ್ಬರ ಬೇಡ, ಮುಂಗಾರು ಹಿಡಿದರೆ ತಾನೇ ಏಳುತ್ತದೆ, ಮಳೆ ಹೋದರೆ ತಾನೇ ಒಣಗುತ್ತದೆ. ಈಚೆಗೆ ಮೊಬೈಲಿನಲ್ಲಿ ಫೋಟೊ ಹಿಡಿದು ಹುಡುಕಿದೆ. ಚಳಿ ದೇಶದ ತೋಟಗಳಲ್ಲಿ ವಯೊಲೆಟ್ ಎಂಬ ಹೂವಿದೆಯಂತೆ, ನಮ್ಮದು ಅದರದೇ ಕುಲದ ಕಾಡುಗಿಡವಂತೆ. ನಿಮ್ಮ ಗುಟ್ಟು ಮೊಬೈಲಿಗೂ ಗೊತ್ತಿತ್ತು ಅತ್ತೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ನಿಮ್ಮ ಕೊನೆಯ ವರ್ಷಗಳಲ್ಲಿ ಒಂದು ಶ್ರಾವಣ ಸೋಮವಾರ ನಿಮ್ಮ ಮಗನನ್ನು ಕರೆದುಕೊಂಡು ಗೋಮಾಳಕ್ಕೆ ಹೋದಿರಲ್ಲ, ನಾನು ಕೊಟ್ಟಿಗೆಯಿಂದ ನೋಡುತ್ತಿದ್ದೆ. ನನ್ನ ಯಜಮಾನರು ಒಂದು ದಿನವೂ ಒರಳು ಮುಟ್ಟದವರು, ಜಗಲಿಯ ಮೇಲೆ ಯಾರು ನರಳುತ್ತಿದ್ದಾರೆಂದು ಬಗ್ಗಿ ನೋಡದವರು. ಹಿರೇಹಳ್ಳಿಯ ಕಾರ್ಖಾನೆಯ ಕೆಲಸ, ಗುಬ್ಬಿಯಿಂದ ಬಸ್ಸು, ವಾರಕ್ಕೊಂದು ಶಿಫ್ಟು, ಅಷ್ಟೇ ಅವರ ಲೋಕ. ಆದರೆ ಗಂಡುಮಗ. ಅವರ ತಲೆಯ ಮೇಲೆ ಕೈಯಿಟ್ಟು ಮದ್ದು ಕೊಡಲು ಅಪ್ಪಣೆ ಕೊಟ್ಟಿರಂತೆ. ಸಂಜೆ ನನ್ನ ಹತ್ತಿರ ಬಂದು, "ಅವ್ವನ ಮದ್ದು ಯಾವ್ದು ಗೊತ್ತಾ? ದನ ತುಳಿಯೋ ಗಿಡ ಕಣೆ ಅದು, ಪುರುಷರತ್ನ ಅಂತೆ" ಎಂದು ನಕ್ಕರು. ಒಂದೇ ದಿನಕ್ಕೆ ಹೇಳಿಬಿಟ್ಟರು. ನಾನು, "ಹೌದಾ?" ಎಂದೆ. ಆ ರಾತ್ರಿಯ ಡೈರಿಯಲ್ಲಿ ಆ ಒಂದು ಪದ ಬಿಟ್ಟು ಬೇರೇನೂ ಬರೆದಿಲ್ಲ.

ತುಮಕೂರಿನ ಆಸ್ಪತ್ರೆಯ ಆ ದಿನಗಳನ್ನು ಬರೆಯದೆ ದಾಟಿಬಿಡೋಣ ಎಂದುಕೊಂಡಿದ್ದೆ. ಆಗುತ್ತಿಲ್ಲ. ಲಕ್ವ ಹೊಡೆದು ನಿಮ್ಮ ಬಲಗೈ ಹೋಗಿತ್ತು, ಮಾತು ಹೋಗಿತ್ತು. ಮೂತ್ರಕ್ಕೆ ನಳಿಕೆ ಹಾಕಿದ್ದರಿಂದ ಉರಿ. ನೀವು ಎಡಗೈಯಲ್ಲಿ ಹಾಸಿಗೆಯ ಮೇಲೆ ಕುಟ್ಟಿ ಕುಟ್ಟಿ ತೋರಿಸಿದಿರಿ. ನಿಮ್ಮ ಮಗ, "ಅವ್ವಂಗೆ ಬೆಡ್‌ಶೀಟ್ ಸರಿಯಿಲ್ಲ ಅನ್ಸುತ್ತೆ, ಸರಿ ಮಾಡು" ಎಂದರು. ಪುಟ್ಟಮ್ಮ, "ನೀರು ಬೇಕಾ ಅವ್ವ?" ಎಂದಳು. ಅದು ಒರಳಿನ ಸನ್ನೆ ಎಂದು ಗೊತ್ತಾದದ್ದು ನನಗೊಬ್ಬಳಿಗೆ. ಯಾರಿಗೂ ಹೇಳದೆ ಚೇಳೂರಿನವರೆಗೆ ಬಸ್ಸಿನಲ್ಲಿ ಹೋದೆ. ಮರುದಿನ ಬೆಳಗ್ಗೆ ಸ್ನಾನ ಮಾಡಿ, ಯಾರ ಜೊತೆಯೂ ಮಾತಾಡದೆ ಕಿತ್ತು ತಂದೆ. ಮಜ್ಜಿಗೆಯಲ್ಲಿ ಅರೆದು, ಸ್ಟೀಲ್ ಡಬ್ಬಿಯಲ್ಲಿ ಸೆರಗಿನಡಿ ಇಟ್ಟುಕೊಂಡು ವಾರ್ಡಿಗೆ ಬಂದೆ. ಚಮಚ ತುಟಿಯ ಹತ್ತಿರ ತಂದಾಗ ನಿಮಗೆ ವಾಸನೆ ಗೊತ್ತಾಯಿತು. ನೀವು ಮೊದಲು ಚಮಚ ನೋಡಿದಿರಿ, ಆಮೇಲೆ ನನ್ನ ಕೈ ನೋಡಿದಿರಿ, ಆಮೇಲೆ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿದಿರಿ. ನರ್ಸಮ್ಮ ಬಂದು, "ಏನ್ ಕುಡಿಸ್ತಿದೀರಾ? ಅವ್ರಿಗೆ ನುಂಗೋಕೇ ಆಗಲ್ಲ, ಉಸಿರಿಗೆ ಸಿಕ್ಕೊಳುತ್ತೆ!" ಎಂದು ಬೈದು ಡಬ್ಬಿ ಕಿತ್ತುಕೊಂಡರು. ಅಷ್ಟೇ ಇದ್ದಿರಬಹುದು. ನುಂಗಲು ಆಗದೆ ತಿರುಗಿದಿರೇನೋ. ಆದರೆ ಆ ಕಣ್ಣು... ನನಗೆ ಗೊತ್ತಿದೆ ಎಂದು ತಿಳಿದ ಆ ಕ್ಷಣ ನಿಮಗೆ ಬಂದದ್ದು ಸಿಟ್ಟಾ, ನಾಚಿಕೆಯಾ? ಆಮೇಲೆ ಐದು ದಿನ ಇದ್ದಿರಿ. ಒಂದು ಸಲವೂ ನನ್ನ ಕಡೆ ಮುಖ ತಿರುಗಿಸಲಿಲ್ಲ.

ನಿಮ್ಮನ್ನು ಮಣ್ಣು ಮಾಡಿದ ಮೇಲೂ ಜನ ಬರುತ್ತಿದ್ದರು. "ಅಮ್ಮಾರು ಹೋದ್ರೇನು, ಮನೇಲಿ ಮದ್ದು ಇರ್ತದಲ್ಲ" ಎಂದು ಜಗಲಿಯ ಮೇಲೆ ಕೂರುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಅಪ್ಪಣೆ ನನಗಿಲ್ಲವಲ್ಲ. ಅಪ್ಪಣೆ ಇದ್ದವರು ಒಂದು ಮುಂಗಾರಿನಲ್ಲಿ ಗುಬ್ಬಿಯ ಹೋಟೆಲಿನಲ್ಲಿ ಟೀ ಕುಡಿಯುತ್ತ, ಗಿಡಮೂಲಿಕೆ ಕೊಳ್ಳುವ ಒಬ್ಬ ವ್ಯಾಪಾರಿಯ ಜೊತೆ ಮಾತಿಗೆ ಕೂತರು. ಆ ಮನುಷ್ಯ ಪುರುಷರತ್ನಕ್ಕೆ ಹುಡುಕುತ್ತಿದ್ದನಂತೆ. ನಿಮ್ಮ ಮಗ, "ಅಯ್ಯೋ, ನಮ್ ಗೋಮಾಳದ ತುಂಬ ಐತೆ ಬನ್ನಿ" ಎಂದರಂತೆ. ಟೆಂಪೊ ಬಂತು. ಮೂರು ದಿನ, ಏಳೆಂಟು ಜನ, ಗೋಣಿಚೀಲ. ನೀವು ಮೇಲಿನ ಎಲೆ ಮಾತ್ರ ಚಿವುಟುತ್ತಿದ್ದಿರಿ. ಅವರು ಬೇರು ಸಮೇತ ಕಿತ್ತರು, ಹೂವಿದ್ದಾಗಲೇ, ಒಂದು ಕಾಯಿಯೂ ಕಟ್ಟುವ ಮೊದಲು. ನಾನು ಹೋಗಿ, "ಅರ್ಧ ಬಿಡ್ರಪ್ಪ" ಎಂದರೆ ಒಬ್ಬ, "ನಿಮ್ ಯಜಮಾನ್ರೇ ತೋರ್ಸಿದ್ದು ಕಣಕ್ಕ, ಅವ್ರನ್ನ ಕೇಳಿ" ಎಂದ. ಸಂಜೆ ನಿಮ್ಮ ಮಗ ಗೋಮಾಳದ ಹತ್ತಿರ ನಿಂತು ನೋಡಿ ಬಂದು, ಊಟ ಮಾಡಲಿಲ್ಲ. "ನಂಗೇನ್ ಗೊತ್ತಿತ್ತು ಗಿರಿಜ, ಹಿಂಗ್ ಬೋಳಿಸ್ತಾರೆ ಅಂತ" ಎಂದರು. ಗೊತ್ತಿರಲಿಲ್ಲ, ನಿಜ. ಆ ಗಿಡದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಹೆಸರೊಂದೇ. ನೀವು ಕೊಟ್ಟದ್ದೂ ಅದೊಂದನ್ನೇ.

ಅದರ ಮುಂದಿನ ಮಳೆಗೆ ನಾನು ದಿನ ಬಿಟ್ಟು ದಿನ ಗೋಮಾಳಕ್ಕೆ ಹೋದೆ. ಪಾರ್ಥೇನಿಯಂ ಬಂತು, ತುಂಬೆ ಬಂತು. ಅದು ಬರಲಿಲ್ಲ. ಕುಣಿಗಲ್ಲಿಗೆ ಒಂದು ಮದುವೆಗೆ ಹೋದಾಗ ಕೆರೆ ಏರಿಯ ಉದ್ದಕ್ಕೂ ನೋಡಿದೆ. ಸಂತೆಯಲ್ಲಿ ನಾರುಬೇರು ಮಾರುವ ಅಜ್ಜಿಯನ್ನು ಕೇಳಿದೆ. ಅವಳ ಹತ್ತಿರ ಒಣಗಿದ ಕಡ್ಡಿಗಳಿದ್ದವು, ಕಾಯಿ ಇರಲಿಲ್ಲ. "ಬೀಜ ಯಾಕವ್ವ ನಿಂಗೆ? ಇದನ್ನ ಯಾರೂ ಬೆಳೆಯಾಕಿಲ್ಲ, ಅದೇ ಬೆಳೀತದೆ" ಎಂದು ನಕ್ಕಳು. ನನ್ನ ನೆಂಟರೆಲ್ಲ ಚಪ್ಪರದಲ್ಲಿ, ನಾನು ರೇಷ್ಮೆ ಸೀರೆಯಲ್ಲಿ ಏರಿಯ ಮೇಲೆ ನೆಲ ನೋಡಿಕೊಂಡು ನಡೆಯುತ್ತಿದ್ದೆ.

ಅದೇ ವರ್ಷ ಶ್ರಾವಣದಲ್ಲಿ ಪುಟ್ಟಮ್ಮ ಹಬ್ಬಕ್ಕೆ ಕರೆದಳು. ಹೆಬ್ಬೂರಿಗೆ ಹೋದೆ. ಸಂಜೆ ಹಸುವಿಗೆ ಹುಲ್ಲು ತರಲು ಅವಳ ಜೊತೆ ಹೊಲಕ್ಕೆ ಹೋದವಳು ರಾಗಿ ಹೊಲದ ಬದುವಿನ ಮೇಲೆ ನಿಂತುಬಿಟ್ಟೆ. ಕಾಲ ಹತ್ತಿರವೇ ನೇರಳೆ ನಾಲಿಗೆ. ಒಂದಲ್ಲ, ಬದುವಿನ ಉದ್ದಕ್ಕೂ ಮೂವತ್ತು ನಲವತ್ತು ಗಿಡ. ನೀವು ತೋರಿಸದೆ ಕಳಿಸಿದ ಮಗಳ ಹೊಲದಲ್ಲೇ. ಅವಳು ಅದನ್ನು ತುಳಿದುಕೊಂಡೇ ಮುಂದೆ ಹೋದಳು. ತಿರುಗಿ, "ಏನ್ ಅತ್ತಿಗೆ, ಬದೂನಲ್ಲಿ ನಿಧಿ ಸಿಕ್ತಾ?" ಎಂದಳು. ನನ್ನ ಬಾಯಿಂದ ಬಂದದ್ದು, "ಏನಿಲ್ಲ ಕಣೆ, ಗರಿಕೆ ನೋಡ್ತಿದ್ದೆ."

ಅವತ್ತು ರಾತ್ರಿ ಅಡುಗೆಮನೆಯಲ್ಲಿ ಪುಟ್ಟಮ್ಮ ತನ್ನ ಕಷ್ಟ ಹೇಳಿಕೊಂಡಳು. ಎರಡು ತಿಂಗಳಿಗೊಮ್ಮೆ ಉರಿಮೂತ್ರ, ಜ್ವರ, ತುಮಕೂರಿಗೆ ಹೋಗಿ ಮಾತ್ರೆ ತರುವುದು, ಕಡಿಮೆಯಾಗುವುದು, ಮತ್ತೆ ಬರುವುದು. "ಅವ್ವ ಇದ್ದಿದ್ರೆ ಎರಡ್ ದಿನಕ್ಕೆ ವಾಸಿ ಮಾಡ್ತಿತ್ತು ಅತ್ತಿಗೆ. ಊರಿನೋರಿಗೆಲ್ಲ ಮದ್ದು ಕೊಟ್ಟು, ಮಗಳಿಗೆ ಮಾತ್ರ ತೋರಿಸ್ದಂಗೆ ಹೋಯ್ತು." ಬೆಳಗ್ಗೆ ಅವಳು ಹಾಲು ಕರೆಯುವಾಗ ನಾನು ಬದುವಿಗೆ ಹೋದೆ. ಎಲೆ ಚಿವುಟಿದೆ. ಚೂರು ಮಾಡಿದೆ. ಬಾವಿಕಟ್ಟೆಯ ಹತ್ತಿರ ತುಂಬೆ ಇತ್ತು, ಅದನ್ನೂ ಬೆರೆಸಿದೆ. ಯಾಕೆ ಬೆರೆಸಿದೆ ಅತ್ತೆ? ಯಾರಿಂದ ಮರೆಮಾಡಲು? ಅರೆದು ಮಜ್ಜಿಗೆಯಲ್ಲಿ ಕೊಟ್ಟೆ. ಅವಳು ಕುಡಿದು ಲೋಟ ಕೆಳಗಿಟ್ಟು, "ಅವ್ವಂದೇ ವಾಸ್ನೆ! ಎಲ್ಲಿ ಸಿಕ್ತು? ಯಾವ್ ಸೊಪ್ಪು ಅತ್ತಿಗೆ?" ಎಂದಳು. "ಹೇಳಬಾರ್ದು ಕಣೆ, ಗುಣ ಹೋಗುತ್ತೆ" ಎಂದೆ. ಅಂದಮೇಲೆ ನನ್ನ ದನಿ ನನಗೇ ಕೇಳಿಸಿತು. ವ್ಯಾಪಾರಿಯ ಭಯ ಇತ್ತು, ನಿಜ. ಪುಟ್ಟಮ್ಮನ ಬಾಯಿ ನಿಲ್ಲುವುದಿಲ್ಲ, ಅದೂ ನಿಜ. ಆದರೆ ಡೈರಿಯಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತೇನೆ: ಅದನ್ನು ಹೇಳುವಾಗ ನನಗೆ ಸುಖವಾಯಿತು. ನನಗೊಬ್ಬಳಿಗೆ ಗೊತ್ತು ಎನ್ನುವ ಸುಖ. ನೀವು ನಲವತ್ತು ವರ್ಷ ಬೆಳಬೆಳಗ್ಗೆ ಇದನ್ನೇ ಉಣ್ಣುತ್ತಿದ್ದಿರಾ?

ಹೆಬ್ಬೂರಿನಲ್ಲಿದ್ದ ಮೂರು ದಿನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದೆ. ಹಳೆಯ ತೆಳು ಬಟ್ಟೆಯನ್ನು ಸಣ್ಣ ಚೀಲಗಳಾಗಿ ಹೊಲಿದು, ಬಲಿತ ಕಾಯಿಗಳಿದ್ದ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿದೆ. ಬಿಸಿಲೇರಿದರೆ ಕಾಯಿ ಒಡೆದು ಬೀಜ ಹಾರಿಹೋಗುತ್ತದಲ್ಲ, ಚೀಲದಲ್ಲಿ ಉಳಿಯಲಿ ಎಂದು. ಹೊರಡುವ ದಿನ ಬಿಚ್ಚಿದರೆ ಒಂದು ಬೆಂಕಿಪೊಟ್ಟಣದ ತುಂಬ ಬೀಜ. ಉಳಿದದ್ದನ್ನು ದಸರಾಕ್ಕೆ ಬಂದು ತೆಗೆದುಕೊಳ್ಳೋಣ ಎಂದುಕೊಂಡೆ. ದಸರಾಕ್ಕೆ ಹೋದೆ. ಬಸ್ಸಿಳಿದು ನೇರ ಹೊಲದ ಹಾದಿ ಹಿಡಿದೆ. ಬದು ಕಂದು ಬಣ್ಣಕ್ಕೆ ತಿರುಗಿ, ಸುಟ್ಟು, ಗುದ್ದಲಿಯಲ್ಲಿ ಕೆತ್ತಿ, ನುಣ್ಣಗೆ ಮಲಗಿತ್ತು. ಪುಟ್ಟಮ್ಮ ಹಿಂದಿನಿಂದ ಓಡಿಬಂದಳು, ಮುಖದ ತುಂಬ ನಗು. "ನೋಡಿದ್ರಾ ಅತ್ತಿಗೆ? ಹೋದ್ಸಲ ಬಂದಾಗ ಬದು ಮೇಲೆ ಕಾಲಿಡೋಕೆ ತಡವರಿಸ್ತಿದ್ರಲ್ಲ. ನೀವು ಬರ್ತೀರಂತ ಕಳೆ ಔಷ್ಧಿ ಹೊಡ್ಸಿ ಕ್ಲೀನ್ ಮಾಡುಸ್ದೆ."

ನನಗಾಗಿ ಮಾಡಿಸಿದ್ದು ಅತ್ತೆ. ನಾನು ಹೆಸರು ಹೇಳಿದ್ದರೆ ಅವಳು ಆ ಬದುವಿಗೆ ಬೇಲಿ ಹಾಕುತ್ತಿದ್ದಳು. ಒಂದು ಕಡೆ ಹೇಳಿದ್ದರಿಂದ ಹೋಯಿತು, ಇನ್ನೊಂದು ಕಡೆ ಹೇಳದೆ ಹೋಯಿತು. ನಿಮ್ಮ ಮಗನ ಜೊತೆ ಒಂದು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ ನಾನು. ಆಮೇಲೆ ಯಾರ ಮೇಲೆ ಸಿಟ್ಟು ಮಾಡಲಿ? ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. "ಚೆನ್ನಾಗಿದೆ ಕಣೆ" ಎಂದು ಹೋಳಿಗೆ ತಿಂದು ಬಂದೆ.

ಮನೆಗೆ ಬಂದು ಅರ್ಧ ಬೀಜವನ್ನು ಹಿತ್ತಲಲ್ಲಿ ಹಾಕಿದ ದಿನ ಎಷ್ಟು ಶ್ರದ್ಧೆ ನನಗೆ! ಮಣ್ಣು ಜರಡಿ ಹಿಡಿದೆ, ಎರಡು ಬುಟ್ಟಿ ಹಟ್ಟಿಗೊಬ್ಬರ ಬೆರೆಸಿದೆ, ಬೆಳಗ್ಗೆ ಸಂಜೆ ನೀರು ಚಿಮುಕಿಸಿದೆ, ಬಿಸಿಲು ಬೀಳದಂತೆ ತೆಂಗಿನ ಗರಿ ಮುಚ್ಚಿದೆ. ಬಾಣಂತಿಗೆ ಮಾಡುವಷ್ಟು ಆರೈಕೆ. ಎರಡು ಮೊಳಕೆ ಬಂದವು, ಬೆರಳುದ್ದವಾಗಿ ಬಿಳಿಚಿಕೊಂಡು ಕೊಳೆತು ಬಿದ್ದವು. ಡೈರಿಯ ಹಳೆಯ ಪುಟ ತಿರುಗಿಸಿದರೆ ನಾನೇ ಬರೆದದ್ದಿತ್ತು: ಗೊರಚು, ಬಿಸಿಲು, ದನದ ಕಾಲು, ಮೊದಲ ಮಳೆ. ಇಷ್ಟು ವರ್ಷ ನೋಡಿದ್ದನ್ನು ಬಿಟ್ಟು, ಮುದ್ದು ಮಾಡಿ ಕೊಂದೆ. ಪೊಟ್ಟಣದಲ್ಲಿ ಅರ್ಧ ಉಳಿದಿತ್ತು. ಅದನ್ನು ಇನ್ನು ನನ್ನ ಕೈಯೊಂದರಲ್ಲೇ ಇಡಬಾರದು ಎನಿಸಿತು.

ಈ ವರ್ಷ ಮುಂಗಾರು ಶುರುವಾಗುವ ಮೊದಲು ಹೆಬ್ಬೂರಿಗೆ ಹೋಗಿ, ಪುಟ್ಟಮ್ಮನನ್ನು ಕೊಟ್ಟಿಗೆಯಲ್ಲಿ ಕೂರಿಸಿಕೊಂಡು ಹೇಳಿದೆ. ಮೊರದಲ್ಲಿ ಸಿಡಿದ ಬೀಜ, ಆಸ್ಪತ್ರೆಯ ಡಬ್ಬಿ, ಅವಳ ಬದು, ನನ್ನ ಸುಳ್ಳು. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ಇದಾ? ಇದ್ರಲ್ಲಿ ನಾನು ಚಿಕ್ಕೋಳಿದ್ದಾಗ ಆಟ ಆಡಿದೀನಿ. ಹೂವ ಕಿತ್ತು ನಾಲ್ಗೆ ಮೇಲೆ ಇಟ್ಕೊಂತಿದ್ದೆ. ಅವ್ವ ನೋಡಿ ಸುಮ್ನೆ ಹೋಗೋಳು." ಆಮೇಲೆ ಮೊಬೈಲು ನನ್ನ ಮಡಿಲಿಗೆ ಎಸೆದಳು. "ಅವ್ವ ಹಂಗೆ ಮಾಡ್ತು, ಹಳೇ ಕಾಲದೋಳು ಬುಡು. ನೀವು ಓದಿದೋರು ಅತ್ತಿಗೆ. ನಾನು ಉರಿಯಲ್ಲಿ ಸಾಯ್ತಿದ್ರೆ ನನ್ ಕೈಲೇ ಔಷ್ಧಿ ಹೊಡೆಸಿ ಚೆನ್ನಾಗೈತೆ ಅಂದ್ರಲ್ಲ. ಅವ್ವಂಗಿಂತ ನೀವೇ ಗಟ್ಟಿ." ಅವಳು ಎದ್ದು ಹಸುವಿಗೆ ನೀರಿಟ್ಟು, ಅಲ್ಲಿಂದಲೇ, "ಎಲ್ಲಿ ಬೀಜ? ಕೊಡಿ ಇಲ್ಲಿ" ಎಂದಳು.

ಮೇಲಿನ ಹೊಲದ ಬದುವಿನಲ್ಲಿ ಗೊರಚು ಇರುವ ಜಾಗ ಅವಳೇ ಹುಡುಕಿದಳು. ಮರಳಿನಲ್ಲಿ ಬೆರೆಸಿ ಎರಚಿದೆವು. ಮುಚ್ಚಲಿಲ್ಲ, ನೀರು ಹಾಕಲಿಲ್ಲ. ಎರಡು ಕರುಗಳನ್ನು ಒಂದು ಸುತ್ತು ಅದರ ಮೇಲೆ ಓಡಾಡಿಸಿದೆವು, ಅಷ್ಟೇ. ಪುಟ್ಟಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು, ಕೆಲಸದ ಮಾತು ಮಾತ್ರ. ಎರಡು ಮಳೆ ಆದಮೇಲೆ ಒಂದು ಬೆಳಗ್ಗೆ ಫೋನು ಬಂತು. ಹಲೋ ಎನ್ನಲಿಲ್ಲ. "ಹನ್ನೊಂದು ಬಂದವೆ" ಎಂದಳು. ಇಟ್ಟುಬಿಟ್ಟಳು.

ಹೋದ ವಾರ ಹೋಗಿ ನೋಡಿದೆ. ಹನ್ನೊಂದೂ ಇವೆ, ನಾಲ್ಕರಲ್ಲಿ ಹೂವು. ಪುಟ್ಟಮ್ಮನಿಗೆ ಮತ್ತೆ ಉರಿ ಶುರುವಾಗಿತ್ತು, ತುಮಕೂರಿನಿಂದ ತಂದ ಮಾತ್ರೆಯ ಪೊಟ್ಟಣ ಸೊಂಟದಲ್ಲಿತ್ತು. "ನಾಲ್ಕು ಎಲೆ ಚಿವುಟೋಣವಾ?" ಎಂದೆ. "ಬ್ಯಾಡ. ಈ ವರ್ಷ ಬೀಜ ಆಗ್ಲಿ. ನಂಗೆ ಮಾತ್ರೆ ಐತೆ" ಎಂದಳು. ಗಿಡ ಕಣ್ಣೆದುರಿಗಿದ್ದೂ ನಿಮ್ಮ ಮಗಳು ಮಾತ್ರೆ ನುಂಗುತ್ತಿದ್ದಾಳೆ ಅತ್ತೆ. ಅದು ನಿಮಗೆ ತಿಳಿದಿರಲಿ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನನ್ನನ್ನು ಅವಳು ಕ್ಷಮಿಸಿದ್ದಾಳೆ ಎಂದೂ ಬರೆಯಲಾರೆ.

ನಾವು ಹಾಗೆ ನಿಂತಿರುವಾಗ ಪಕ್ಕದ ಹೊಲದ ತಮ್ಮಯ್ಯ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬದುವಿನ ಉದ್ದಕ್ಕೂ ಕಳೆ ಔಷಧಿ ಹೊಡೆದುಕೊಂಡು ಬರುತ್ತಿದ್ದ. ಪುಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರು ಹೊಲಕ್ಕೆ ಕೇಳುವಂತೆ ಕೂಗಿದಳು, "ಲೋ ತಮ್ಮಯ್ಯಾ! ಅಲ್ಲೇ ನಿಲ್ಲು, ಈ ಕಡೆ ಹೊಡೀಬ್ಯಾಡ! ಪುರುಷರತ್ನ ಐತೆ ಇಲ್ಲಿ!"

"ಎಂಥಾ ರತ್ನ ಅಕ್ಕಾ? ನಮ್ ಭಾವನಾ?"

"ನಿಮ್ ಭಾವ ಮನೇಲಿ ಗೊರಕೆ ಹೊಡೀತಾವ್ನೆ. ಇದು ಗಿಡ ಕಣೋ, ನಮ್ಮವ್ವ ಕೊಡ್ತಿದ್ದ ಮದ್ದು. ಬಾ ಇಲ್ಲಿ, ತೋರುಸ್ತೀನಿ."

ಅವನು ಕ್ಯಾನು ಇಳಿಸಿಟ್ಟು ಬಂದ. ಅವಳು ಕೂತು ಎಲೆ ಹೇಗಿದೆ, ಹೂವು ಹೇಗಿದೆ, ಕಾಯಿ ಯಾವಾಗ ಒಡೆಯುತ್ತದೆ, ಎಲ್ಲ ಹೇಳಿದಳು, ನಾನು ಹೇಳಿಕೊಟ್ಟದ್ದು ಒಂದನ್ನೂ ಬಿಡದೆ. ತಮ್ಮಯ್ಯ ಬಗ್ಗಿ ನೋಡಿದ. ತಲೆ ಕೆರೆದುಕೊಂಡ. "ಅಯ್ಯೋ ಅಕ್ಕಾ, ಇದು ನಮ್ ಬದೂನಲ್ಲೂ ಐತಲ್ಲ. ಅರ್ಧಕ್ಕೆ ಈಗ ತಾನೆ ಹೊಡ್ಕಂಡ್ ಬಂದೆ. ಇನ್ನರ್ಧ ಉಳಿದೈತೆ" ಎಂದ.

ಪುಟ್ಟಮ್ಮ ನನ್ನ ಕೈ ಹಿಡಿದು ಎಳೆದಳು. ಉಳಿದ ಅರ್ಧವನ್ನು ನೋಡಲು ನಾವಿಬ್ಬರೂ ಅವನ ಹಿಂದೆ ಹೋದೆವು.

ಗಿರಿಜ